ಕುಟುಂಬ ವೀಸಾ ಮತ್ತು ಶಾಶ್ವತ ವಾಸ: ನಮ್ಮ ಮನೆಗಳ ಪ್ರಶ್ನೆಗಳು, ಕಾನೂನಿನ ಉತ್ತರಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಪ್ರತಿಭಾ ಪುರಸ್ಕಾರದ ದಿನ ವಕೀಲನೊಬ್ಬ ವೀಸಾದ ಬಗ್ಗೆ ಯಾಕೆ ಮಾತಾಡಬೇಕು ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಭಟ್ಕಳದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿಯಲ್ಲಿ ದುಬೈಯಲ್ಲೋ, ದಮ್ಮಾಮ್‌ನಲ್ಲೋ, ಈಚೀಚೆಗೆ ಅಮೆರಿಕ, ಕೆನಡಾದಲ್ಲೋ ಒಬ್ಬರಾದರೂ ಇಲ್ಲದ ಮನೆ ಹುಡುಕುವುದು ಕಷ್ಟ. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ಶುಲ್ಕ ಅಲ್ಲಿಂದಲೇ ಬರುತ್ತದೆ. ಹೀಗಿದ್ದೂ ಈ ಕಾಗದಗಳ ವಿಚಾರವನ್ನು ನಾವು ಏಜೆಂಟರಿಗೆ ಬಿಟ್ಟು ಸುಮ್ಮನಾಗುತ್ತೇವೆ. ತೊಂದರೆ ಬಂದ ಮೇಲೆ ವಕೀಲರ ಬಳಿ ಓಡುತ್ತೇವೆ.

ಒಂದು ಉದಾಹರಣೆ ಹೇಳುತ್ತೇನೆ, ಹೆಸರು ಬೇಡ. ಮದುವೆಯಾಗಿ ಮೂರು ತಿಂಗಳಿಗೆ ಗಂಡ ದುಬೈಗೆ ಮರಳಿದ. ಅವನ ಸಂಬಳ ಸಾಕಷ್ಟಿತ್ತು, ಮನೆಯೂ ಸಿದ್ಧವಿತ್ತು. ಆದರೆ ಹುಡುಗಿಯ ಹೆಸರು ನಿಕಾಹ್‌ನಾಮೆಯಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಮದುವೆ ಜಮಾಅತ್‌ನ ಪುಸ್ತಕದಲ್ಲಿ ಮಾತ್ರ ದಾಖಲಾಗಿತ್ತು, ಸರಕಾರಿ ನೋಂದಣಿ ಇರಲಿಲ್ಲ. ಇದನ್ನೆಲ್ಲ ಸರಿಪಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಗು ಹುಟ್ಟಿ, ಮಗುಚಿಕೊಂಡು, ಅಂಬೆಗಾಲಿಡುತ್ತಿತ್ತು. ತಂದೆ ಮಗುವನ್ನು ಮೊದಲು ಎತ್ತಿಕೊಂಡದ್ದು ಏಳನೇ ತಿಂಗಳಲ್ಲಿ. ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಕಾಗದದ ಬಗ್ಗೆ ಯಾರೂ ಯೋಚಿಸಿರಲಿಲ್ಲ, ಅಷ್ಟೆ.

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಎಂದು ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ಅದು ಸೂರಃ ಅಲ್ ಬಕರಃದಲ್ಲಿದೆ, ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡುವ ಬಗ್ಗೆ. ಹಣದ ವ್ಯವಹಾರವನ್ನೇ ಬರೆದಿಡಿ ಎನ್ನುವ ಧರ್ಮದ ಅನುಯಾಯಿಗಳು ನಾವು. ಮದುವೆ, ಜನನ, ವಿಚ್ಛೇದನವನ್ನು ಬಾಯಿಮಾತಿನಲ್ಲಿ ಬಿಡುವುದು ನಮಗೆ ಶೋಭಿಸುವುದಿಲ್ಲ.

ನನ್ನ ಬಳಿ ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಜಮಾಅತ್‌ನ ನಿಕಾಹ್‌ನಾಮೆ ಸಾಲದೇ?

ಧಾರ್ಮಿಕವಾಗಿ ನಿಕಾಹ್ ಪೂರ್ಣವಾಗಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ವಿದೇಶದ ವೀಸಾ ಅಧಿಕಾರಿ ಕೇಳುವುದು ಸರಕಾರಿ ದಾಖಲೆಯನ್ನು. ನಮ್ಮ ರಾಜ್ಯದಲ್ಲಿ ವಿವಾಹ ನೋಂದಣಿಗಾಗಿ 1976ರ ಕಾಯಿದೆ ಇದೆ. ಅದು ಎಲ್ಲ ಧರ್ಮದವರಿಗೂ ಅನ್ವಯ. 2006ರಲ್ಲಿ ಸುಪ್ರೀಂ ಕೋರ್ಟು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಎಲ್ಲ ಧರ್ಮದವರ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಹೇಳಿತು. 2023ರಲ್ಲಿ ರಾಜ್ಯ ಸರಕಾರ ವಕ್ಫ್ ಮಂಡಳಿಗೆ ಮುಸ್ಲಿಮರ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಿತ್ತು. 2024ರ ನವೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆದ್ದರಿಂದ ನನ್ನ ಸಲಹೆ ಇಷ್ಟೆ: ನಿಕಾಹ್ ಆದ ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅವಸರದಲ್ಲಿ ಕೆಲವರು ಈಗಾಗಲೇ ಆದ ನಿಕಾಹನ್ನು 1954ರ ವಿಶೇಷ ವಿವಾಹ ಕಾಯಿದೆಯಡಿ ನೋಂದಾಯಿಸುತ್ತಾರೆ. ಹಾಗೆ ಮಾಡಿದರೆ ಆ ಮದುವೆ ಆ ಕಾಯಿದೆಯಡಿಯೇ ನಡೆದದ್ದೆಂದು ಪರಿಗಣಿತವಾಗುತ್ತದೆ. ಮುಂದೆ ಆಸ್ತಿಯ ಉತ್ತರಾಧಿಕಾರಕ್ಕೆ ಶರೀಅತ್ ಬದಲು ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯವಾಗುತ್ತದೆ. ತಿಳಿದು ಮಾಡುವುದಾದರೆ ಅದು ನಿಮ್ಮ ಆಯ್ಕೆ. ಆದರೆ ಏಜೆಂಟ್ ತೋರಿಸಿದ ಕಡೆ ಸಹಿ ಹಾಕುವ ಮೊದಲು ಯಾವ ಕಾಯಿದೆಯ ಅರ್ಜಿ ಎಂದು ಓದಿ ನೋಡಿ.

ಪ್ರಮಾಣಪತ್ರ ಸಿಕ್ಕ ಮೇಲೆ ದೃಢೀಕರಣದ ಹಂತ ಬರುತ್ತದೆ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತು. ಒಮಾನ್, ಬಹರೈನ್ ಅದರಲ್ಲಿವೆ. ಸೌದಿ ಅರೇಬಿಯಾ 2022ರಲ್ಲಿ ಸೇರಿತು. ಈ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ನಡೆಯುತ್ತದೆ. ಯುಎಇಗೆ ಹಾಗಲ್ಲ. ಮೊದಲು ರಾಜ್ಯ ಸರಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣ ಮತ್ತು ಅರಬಿ ಅನುವಾದ ಎಂಬ ಹಂತಗಳಿವೆ. ಒಂದು ಹಂತ ತಪ್ಪಿದರೂ ಮೊದಲಿನಿಂದ ಶುರು ಮಾಡಬೇಕು.

ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೆ ಏನಾಗುತ್ತದೆ?

ನಮ್ಮ ಸಮುದಾಯದಲ್ಲಿ ಇದೇ ಅತಿ ದೊಡ್ಡ ಸಮಸ್ಯೆ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತೇವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುತ್ತದೆ, ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರಿನಲ್ಲಿ ಯುಎಇಯು ಒಂದೇ ಪದದ ಹೆಸರುಳ್ಳವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ವಿಮಾನ ನಿಲ್ದಾಣದವರೆಗೆ ಹೋದವರು ಗಾಬರಿಯಾದರು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದವರಿಗೆ ಮೊದಲ ಹೆಸರು ತಿಳಿದಿಲ್ಲ ಎಂಬ ಅರ್ಥದ ಮೂರಕ್ಷರ ಹಾಕುತ್ತಾರೆ. ಮುಂದೆ ಬ್ಯಾಂಕಿನಲ್ಲಿ, ಚಾಲನಾ ಪರವಾನಗಿಯಲ್ಲಿ ಅದೇ ಅವರ ಹೆಸರಾಗಿ ಕುಳಿತುಬಿಡುತ್ತದೆ.

ಇದಕ್ಕೆ ಪರಿಹಾರ ಮಗು ಹುಟ್ಟಿದ ದಿನವೇ ಶುರುವಾಗುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿಗಾಗಿ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಅದರಲ್ಲಿ ಬರೆಸಿದ ಹೆಸರೇ ಶಾಲೆಗೆ, ಪಾಸ್‌ಪೋರ್ಟಿಗೆ, ನಿಕಾಹ್‌ನಾಮೆಗೆ ಹೋಗಲಿ. ಮಗುವಿನ ಪತ್ರದಲ್ಲಿ ತಂದೆ ತಾಯಿಯ ಹೆಸರುಗಳೂ ಅವರ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.

ಕೊಲ್ಲಿಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಏನು ಬೇಕು?

ಯುಎಇಯ ನಿಯಮ ಹೇಳುತ್ತೇನೆ. ತಿಂಗಳಿಗೆ 4,000 ದಿರ್‌ಹಂ ಸಂಬಳ, ಅಥವಾ 3,000 ದಿರ್‌ಹಂ ಜೊತೆ ವಸತಿ ಇದ್ದವರು ಪತ್ನಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಮೊದಲು ಇದಕ್ಕೆ ಇಂತಿಂಥ ಹುದ್ದೆಯವರೇ ಆಗಿರಬೇಕಿತ್ತು. 2019ರಲ್ಲಿ ಹುದ್ದೆಯ ಬದಲು ಆದಾಯವನ್ನು ನೋಡುವ ಪದ್ಧತಿ ಬಂತು. 2022ರ ಅಕ್ಟೋಬರಿನಿಂದ ಅವಿವಾಹಿತ ಗಂಡುಮಕ್ಕಳನ್ನು 25 ವರ್ಷದವರೆಗೆ ಇಟ್ಟುಕೊಳ್ಳಬಹುದು, ಅವಿವಾಹಿತ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ಅಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ಪರವಾನಗಿ ಮಾಡಿಸಬೇಕು, ತಡವಾದರೆ ದಂಡ.

ಹೆರಿಗೆಗೆ, ಅತ್ತೆಯ ಆರೈಕೆಗೆ ಊರಿಗೆ ಬಂದ ಹೆಂಗಸರು ನೆನಪಿಡಬೇಕಾದ ಮಾತೊಂದಿದೆ. ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ಯುಎಇಯ ಹೊರಗಿದ್ದರೆ ವಾಸದ ವೀಸಾ ರದ್ದಾಗುತ್ತದೆ.

ಅಲ್ಲಿ ಶಾಶ್ವತವಾಗಿ ಇರಬಹುದೇ ಎಂದು ಕೇಳುತ್ತಾರೆ. ಎಷ್ಟು ವರ್ಷ ದುಡಿದರೂ, ಮಕ್ಕಳು ಅಲ್ಲೇ ಹುಟ್ಟಿದರೂ ಕೊಲ್ಲಿ ದೇಶಗಳಲ್ಲಿ ಅದರಿಂದ ಪೌರತ್ವ ಬರುವುದಿಲ್ಲ. ಯುಎಇಯ ಗೋಲ್ಡನ್ ವೀಸಾ ಹತ್ತು ವರ್ಷದ್ದು, ಅದನ್ನು ನವೀಕರಿಸಬೇಕು. ಸೌದಿ 2019ರಲ್ಲಿ ತಂದ ಪ್ರೀಮಿಯಂ ವಾಸದ ಅವಧಿಮಿತಿಯಿಲ್ಲದ ಪರವಾನಗಿಗೆ 8 ಲಕ್ಷ ರಿಯಾಲ್ ಶುಲ್ಕವಿಟ್ಟಿತು. ಅದು ನಮ್ಮ ಸಾಮಾನ್ಯ ನೌಕರರ ಕೈಗೆಟಕುವಂಥದ್ದಲ್ಲ. ಅದೇ ಸೌದಿಯಲ್ಲಿ 2017ರ ಜುಲೈಯಿಂದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷವರ್ಷವೂ ಏರಿ 2020ಕ್ಕೆ 400 ರಿಯಾಲ್ ಆಯಿತು. ಪತ್ನಿ ಮತ್ತು ಮೂರು ಮಕ್ಕಳಿದ್ದವನ ಲೆಕ್ಕ ನೀವೇ ಹಾಕಿ: ತಿಂಗಳಿಗೆ 1,600 ರಿಯಾಲ್. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಊರಿಗೆ ಮರಳಿದವು, ಅರ್ಧ ವರ್ಷದಲ್ಲಿ ಮಕ್ಕಳು ಇಲ್ಲಿನ ಶಾಲೆಗಳಿಗೆ ಸೇರಿದರು. ಆದ್ದರಿಂದ ಕೊಲ್ಲಿಯ ಕುಟುಂಬ ಜೀವನವನ್ನು ತಾತ್ಕಾಲಿಕ ಎಂದೇ ತಿಳಿದು ಮಕ್ಕಳ ಓದಿನ ಯೋಜನೆ ಮಾಡಿ.

ವಿದೇಶದಲ್ಲಿ ಹುಟ್ಟಿದ ಮಗು ತಾನಾಗಿಯೇ ಭಾರತೀಯನಾಗುತ್ತದೆಯೇ?

ಅನೇಕರು ಹೌದು ಎಂದುಕೊಂಡಿದ್ದಾರೆ. ಅದು ಸರಿಯಲ್ಲ. 2004ರ ಡಿಸೆಂಬರ್ 3 ಅಥವಾ ಅದರ ನಂತರ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಆಸ್ಪತ್ರೆಯ ಚೀಟಿಯನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ.

ಅಮೆರಿಕದಲ್ಲಿರುವ ಮಗ, ಅಣ್ಣ ನಮ್ಮನ್ನು ಕರೆಸಿಕೊಳ್ಳಬಹುದೇ?

ಮೊದಲು ಅವರು ಅಲ್ಲಿನ ಪೌರರೋ, ಗ್ರೀನ್ ಕಾರ್ಡ್ ಹೊಂದಿದವರೋ ಎಂದು ಕೇಳಿಕೊಳ್ಳಿ. ಇಡೀ ಕಾನೂನು ಈ ವ್ಯತ್ಯಾಸದ ಮೇಲೆ ನಿಂತಿದೆ. ಗ್ರೀನ್ ಕಾರ್ಡ್ ಇದ್ದವರು ಪತ್ನಿ ಅಥವಾ ಪತಿ ಮತ್ತು ಅವಿವಾಹಿತ ಮಕ್ಕಳಿಗಾಗಿ ಮಾತ್ರ ಅರ್ಜಿ ಹಾಕಬಹುದು. ತಂದೆ ತಾಯಿಗೆ, ಸೋದರ ಸೋದರಿಯರಿಗೆ ಹಾಕುವಂತಿಲ್ಲ. ಪೌರರ ಪತಿ ಪತ್ನಿ, 21ರ ಒಳಗಿನ ಅವಿವಾಹಿತ ಮಕ್ಕಳು, ಮತ್ತು ಆ ಪೌರರಿಗೆ 21 ತುಂಬಿದ್ದರೆ ಅವರ ತಂದೆ ತಾಯಿ, ಇವರನ್ನು ನೇರ ಸಂಬಂಧಿಕರೆನ್ನುತ್ತಾರೆ. ಇವರಿಗೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ.

ಸೋದರ ಸೋದರಿಯರ ವರ್ಗಕ್ಕೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 65,000 ವೀಸಾಗಳು, ಜೊತೆಗೆ ಒಂದು ದೇಶಕ್ಕೆ ಶೇಕಡಾ 7ರ ಮಿತಿ. 2025ರಲ್ಲಿ ಭಾರತೀಯರಿಗೆ ಈ ವರ್ಗದಲ್ಲಿ ಸರದಿ ಬಂದದ್ದು 2006ರಲ್ಲಿ ಸಲ್ಲಿಸಿದ ಅರ್ಜಿಗಳಿಗೆ. ಎಂದರೆ ಸುಮಾರು ಹತ್ತೊಂಬತ್ತು ವರ್ಷದ ಕಾಯುವಿಕೆ. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗಳು ಸರದಿ ಬರುವಾಗ ಕಾಲೇಜಿನಲ್ಲಿರುತ್ತಾಳೆ. ಅವಳಿಗೆ 21 ತುಂಬಿದರೆ ತಂದೆಯೊಂದಿಗೆ ಹೋಗುವ ಹಕ್ಕು ತಪ್ಪಬಹುದು. 2002ರ ಒಂದು ಕಾಯಿದೆ ಇಲ್ಲಿ ಸ್ವಲ್ಪ ರಕ್ಷಣೆ ಕೊಡುತ್ತದೆ. ಅರ್ಜಿ ಪರಿಶೀಲನೆಯಲ್ಲಿದ್ದು ಮಂಜೂರಾಗಲು ಎಷ್ಟು ಕಾಲ ಹಿಡಿಯಿತೋ ಅಷ್ಟನ್ನು ವಯಸ್ಸಿನಿಂದ ಕಳೆಯುತ್ತಾರೆ. ಆದರೆ ಸರದಿಗಾಗಿ ಕಾದ ಉಳಿದ ವರ್ಷಗಳನ್ನು ಕಳೆಯುವುದಿಲ್ಲ. ಅಣ್ಣ ಅರ್ಜಿ ಹಾಕಿದ್ದಾನೆ, ಇಂದಲ್ಲ ನಾಳೆ ಹೋಗುತ್ತೇವೆ ಎಂದು ಮಕ್ಕಳ ಓದು, ಮನೆ, ಉದ್ಯೋಗ ಎಲ್ಲವನ್ನೂ ತಡೆಹಿಡಿದು ಕುಳಿತ ಕುಟುಂಬಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿ ಅದರ ಪಾಡಿಗೆ ಇರಲಿ, ಬದುಕು ಅದರ ಪಾಡಿಗೆ ನಡೆಯಲಿ.

ನಿಕಾಹ್ ಮಾತ್ರ ಆಗಿದೆ, ಇನ್ನೂ ಕಳುಹಿಸಿಕೊಟ್ಟಿಲ್ಲ. ಮಗಳು ಅವಿವಾಹಿತೆಯೇ?

ಇದು ನಮ್ಮ ಮನೆಗಳಿಗೇ ವಿಶೇಷವಾದ ಪ್ರಶ್ನೆ. ತಂದೆ ಗ್ರೀನ್ ಕಾರ್ಡ್ ಹೊಂದಿದವರು, ಮಗಳಿಗಾಗಿ ಅರ್ಜಿ ಹಾಕಿದ್ದಾರೆ. ಊರಿನಲ್ಲಿ ಒಳ್ಳೆಯ ಸಂಬಂಧ ಬಂತು, ನಿಕಾಹ್ ಮಾಡಿಬಿಡೋಣ, ಕಳುಹಿಸಿಕೊಡುವುದು ಆಮೇಲೆ ಎನ್ನುತ್ತಾರೆ. ನಡೆದ ಸ್ಥಳದ ಕಾನೂನಿನಂತೆ ನಿಕಾಹ್ ಸಿಂಧುವಾಗಿದ್ದರೆ ಅಮೆರಿಕದ ಕಾನೂನು ಅದನ್ನು ಮದುವೆಯೆಂದೇ ನೋಡುತ್ತದೆ, ಬೀಳ್ಕೊಡುಗೆಗೆ ಕಾಯುವುದಿಲ್ಲ. ಗ್ರೀನ್ ಕಾರ್ಡ್ ಹೊಂದಿದವರ ಮಗಳು ಮದುವೆಯಾದರೆ ಆ ಅರ್ಜಿ ಅಲ್ಲಿಗೇ ಮುಗಿಯಿತು. ಅವಿವಾಹಿತೆ ಎಂದು ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ. ಸುಳ್ಳು ಹೇಳಿಕೆಗೆ ಆ ದೇಶದ ಬಾಗಿಲು ಆಜೀವ ಮುಚ್ಚಬಹುದು. ಮದುವೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ತಿಳಿದು ಮಗಳನ್ನೂ ಕೇಳಿ ನಿರ್ಧರಿಸಿ.

ಇದಕ್ಕೆ ಹೊಂದಿಕೊಂಡಂತೆ ಫೋನಿನಲ್ಲಿ, ವೀಡಿಯೋದಲ್ಲಿ ಆದ ನಿಕಾಹ್. ವಧೂವರರು ಒಂದೇ ಕಡೆ ಹಾಜರಿಲ್ಲದೆ ನಡೆದ ಮದುವೆಯನ್ನು, ನಂತರ ಅವರು ಕೂಡಿ ದಾಂಪತ್ಯ ನಡೆಸದ ಹೊರತು, ಅಮೆರಿಕದ ವಲಸೆ ಕಾನೂನು ಒಪ್ಪುವುದಿಲ್ಲ. ವರ ಬಂದು ಎದುರಲ್ಲೇ ನಿಕಾಹ್ ಆಗುವುದು ಎಲ್ಲಕ್ಕಿಂತ ಕ್ಷೇಮ.

ಮೊದಲ ಮದುವೆ ಮುರಿದಿದೆ, ದಾಖಲೆ ಇಲ್ಲ. ಏನು ಮಾಡಲಿ?

ಮರುಮದುವೆಯಾದವರ ವೀಸಾ ಅರ್ಜಿಯಲ್ಲಿ ಹಿಂದಿನ ಮದುವೆ ಕಾನೂನುಬದ್ಧವಾಗಿ ಕೊನೆಗೊಂಡ ಪುರಾವೆ ಕೇಳುತ್ತಾರೆ. ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಖ್ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಸಿಂಧು, 2019ರ ಕಾಯಿದೆಯಂತೆ ಅಪರಾಧವೂ ಹೌದು. ಅಂಥ ತಲಾಖ್‌ನ ಕಾಗದ ಹಿಡಿದು ಮರುಮದುವೆಯಾದ ಹೆಣ್ಣು ಕಾನೂನಿನ ಕಣ್ಣಿನಲ್ಲಿ ಇನ್ನೂ ಹಳೆಯ ಗಂಡನ ಪತ್ನಿಯೇ ಆಗಿಬಿಡಬಹುದು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯಿದೆಯಡಿ ಹೆಣ್ಣಿಗೆ ನ್ಯಾಯಾಲಯದಿಂದ ಬಿಡುಗಡೆ ಪಡೆಯುವ ಹಕ್ಕಿದೆ. ಖುಲಾ ಆಗಿದ್ದರೂ ಕುಟುಂಬ ನ್ಯಾಯಾಲಯದ ಘೋಷಣೆ ಮಾಡಿಸಿಟ್ಟುಕೊಳ್ಳಿ. ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಮೊದಲ ಪತ್ನಿ ಇರುವಾಗಲೇ ಆದ ಎರಡನೇ ಮದುವೆಯ ಆಧಾರದಲ್ಲಿ ಅಮೆರಿಕಕ್ಕೆ ಪತ್ನಿಯಾಗಿ ಹೋಗಲಾಗುವುದಿಲ್ಲ.

ವೀಸಾ ಗಂಡನ ಕೈಯಲ್ಲಿದೆ, ಅವನು ಬಿಟ್ಟುಬಿಟ್ಟರೆ?

ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕಚೇರಿಗೆ ಬಂದು, ತಂದೆಯನ್ನು ಹೊರಗೆ ಕೂರಿಸಿ ಕೇಳುತ್ತಾರೆ. ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ.

ಅಮೆರಿಕ ಪ್ರವೇಶಿಸುವಾಗ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಪತ್ನಿಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸಲು ಅರ್ಜಿ ಹಾಕಬೇಕು. ಗಂಡ ಸಹಿ ಹಾಕುವುದಿಲ್ಲವೆಂದು ಹೆದರಿಸಿದರೆ ದಾರಿ ಮುಗಿಯಲಿಲ್ಲ. ಪ್ರಾಮಾಣಿಕವಾಗಿ ಮದುವೆಯಾಗಿ ವಿಚ್ಛೇದನವಾಗಿದ್ದರೆ, ಅಥವಾ ಹಿಂಸೆಗೆ ಒಳಗಾಗಿದ್ದರೆ ಅವಳು ಒಬ್ಬಳೇ ಅರ್ಜಿ ಹಾಕಬಹುದು. ಪತ್ನಿಯನ್ನು ಕರೆಸುವಾಗ ಗಂಡ ಜೀವನಾಧಾರದ ಪ್ರಮಾಣಪತ್ರಕ್ಕೆ ಸಹಿ ಹಾಕಿರುತ್ತಾನೆ, ವಿಚ್ಛೇದನವಾದರೂ ಆ ಹೊಣೆ ತಾನಾಗಿ ಮುಗಿಯುವುದಿಲ್ಲ. ಯುಎಇಯಲ್ಲಿ 2018ರಿಂದ ವಿಧವೆಯರಿಗೆ, ವಿಚ್ಛೇದಿತೆಯರಿಗೆ ಪ್ರಾಯೋಜಕರಿಲ್ಲದೆ ಒಂದು ವರ್ಷ ಮಕ್ಕಳೊಂದಿಗೆ ಅಲ್ಲಿರಲು ಅವಕಾಶ ಕಲ್ಪಿಸಲಾಗಿದೆ. ತಾಯಂದಿರೇ, ಮಗಳನ್ನು ಕಳುಹಿಸುವಾಗ ಚಿನ್ನದ ಜೊತೆ ಅವಳ ಪಾಸ್‌ಪೋರ್ಟ್, ವೀಸಾ, ವಿವಾಹ ಪ್ರಮಾಣಪತ್ರದ ಒಂದೊಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.

ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಊರಲ್ಲೇ ಇರಬಹುದೇ?

ಮಗ ಕರೆಸಿಕೊಂಡ ತಾಯಿಗೆ ಅಲ್ಲಿನ ಚಳಿ ಒಗ್ಗುವುದಿಲ್ಲ, ಮಾತಾಡಲು ಜನ ಇಲ್ಲ. ವರ್ಷಕ್ಕೊಮ್ಮೆ ಹೋಗಿ ಬಂದರೆ ಸಾಕು ಎಂದು ಯಾರೋ ಹೇಳಿರುತ್ತಾರೆ. ಅದು ಸರಿಯಲ್ಲ. ಆ ಕಾರ್ಡ್ ಅಲ್ಲಿ ವಾಸಿಸುವವರಿಗೆ ಇರುವುದು. ಒಂದು ವರ್ಷ ಅಥವಾ ಹೆಚ್ಚು ಹೊರಗಿರಬೇಕಾದರೆ ಹೊರಡುವ ಮೊದಲೇ ಅಲ್ಲಿದ್ದುಕೊಂಡು ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಊರಿನಲ್ಲೇ ಇರುವ ಮನಸ್ಸಿದ್ದರೆ ತಾಯಿಗೆ ಭೇಟಿ ವೀಸಾವೇ ಸಾಕೇನೋ ಎಂದು ಮೊದಲೇ ಯೋಚಿಸಿ.

ಅಲ್ಲಿನ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ನಮ್ಮಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಒಸಿಐ ಕಾರ್ಡ್ ಪಡೆಯಬಹುದು. ಆದರೆ ಅದರಲ್ಲಿ ಮತದಾನವಿಲ್ಲ, ಕೃಷಿಭೂಮಿ, ತೋಟ ಖರೀದಿಸುವಂತಿಲ್ಲ. ಭಾರತೀಯರನ್ನು ಮದುವೆಯಾದ ಕಾರಣಕ್ಕೆ ಪಡೆದ ಒಸಿಐ ವಿಚ್ಛೇದನವಾದರೆ ರದ್ದಾಗಬಹುದು. ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದ ಅಥವಾ ಬಾಂಗ್ಲಾದೇಶದ ಪೌರರಾಗಿದ್ದರೆ ಒಸಿಐ ಸಿಗುವುದಿಲ್ಲ. ಹಳೆಯ ಸಂಬಂಧಗಳಿರುವ ಕುಟುಂಬಗಳು ಇದನ್ನು ಗಮನಿಸಬೇಕು.

ಕೊನೆಯ ಮಾತು

ನಿಯಮಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಆಯಾ ಸರಕಾರದ ಅಧಿಕೃತ ಮಾಹಿತಿಯನ್ನು ನೋಡಿಯೇ ಮುಂದುವರಿಯಿರಿ. ಏನೂ ಆಗುವುದಿಲ್ಲ, ನಾನಿದ್ದೇನೆ ಎನ್ನುವ ಏಜೆಂಟನ ಮಾತಿಗೆ ಖಾಲಿ ಅರ್ಜಿಯಲ್ಲಿ ಸಹಿ ಹಾಕಬೇಡಿ. ಅದರಲ್ಲಿ ತುಂಬುವ ಪ್ರತಿಯೊಂದು ಸುಳ್ಳಿಗೂ ಉತ್ತರ ಹೇಳಬೇಕಾದವರು ನೀವು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಇವತ್ತು ಮನೆಗೆ ಹೋಗಿ ತಂದೆ, ತಾಯಿ ಮತ್ತು ನಿಮ್ಮ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟುಗಳನ್ನು ಒಂದೇ ಚಾಪೆಯ ಮೇಲೆ ಹರಡಿ. ಹೆಸರು, ಹುಟ್ಟಿದ ದಿನಾಂಕ ಒಂದೇ ಆಗಿವೆಯೇ ನೋಡಿ, ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸರಿಪಡಿಸಲು ಈಗ ಸಮಯವಿದೆ. ಸಂಘದ ಹಿರಿಯರಲ್ಲಿ ನನ್ನ ವಿನಂತಿ: ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುವಂತೆ ತಿಂಗಳಿಗೊಂದು ದಿನ ದಾಖಲೆ ತಿದ್ದುವ ಶಿಬಿರ ಇಡಿ. ಕಾನೂನು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಅದನ್ನು ನಡೆಸಬಲ್ಲರು, ನಾನೂ ಬಂದು ಕುಳಿತುಕೊಳ್ಳುತ್ತೇನೆ.

ಆರಂಭದಲ್ಲಿ ಹೇಳಿದ ಆ ಮಗು ಈಗ ದುಬೈಯಲ್ಲಿ ಶಾಲೆಗೆ ಹೋಗುತ್ತಿದೆ. ಕಳೆದುಹೋದ ಆ ಏಳು ತಿಂಗಳನ್ನು ಅದರ ತಂದೆಗೆ ಯಾವ ಕಚೇರಿಯೂ ಮರಳಿಸಲಾರದು. ನಮ್ಮ ಸಂಘದ ಒಂದು ಮನೆಗಾದರೂ ಅಂಥ ತಿಂಗಳುಗಳು ಉಳಿದರೆ ಇವತ್ತಿನ ಸಭೆ ಸಾರ್ಥಕ.

ದೂರದೂರದಲ್ಲಿರುವ ಕುಟುಂಬಗಳನ್ನು ಅಲ್ಲಾಹನು ಒಂದುಗೂಡಿಸಲಿ, ಆಮೀನ್.